ಕೊನೆಯ ಬೆಂಚಿನ ಸಂಧಿ

ದೊಡ್ಡ ಹಾಲಿನ ಕ್ಲಾಸು ನನಗೇ ಎಂದು ಗೊತ್ತಾದ ದಿನ ನಾನು ಕನ್ನಡ ವಿಭಾಗದ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಕೆಳಗೆ ಬಂದ ಮೇಲೆ ಬ್ಯಾಗು ಮೇಲೇ ಬಿಟ್ಟಿದ್ದು ನೆನಪಾಗಿ, ಮತ್ತೆ ಎರಡೆರಡಾಗಿ ಹತ್ತಿದೆ. ಅಲ್ಲಿಯವರೆಗೆ ನಾನು ಒಗಟುಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು, ಒಂದು ಫ್ಯಾನು, ಎದುರಿಗೆ ಗೋಡೆ. ನನ್ನ ಮಾತನ್ನು ಒಟ್ಟಿಗೆ ಕೂತು ಕೇಳಿದವರು ಹೆಚ್ಚೆಂದರೆ ನಾಲ್ಕು ಜನ, ಅದರಲ್ಲಿ ಇಬ್ಬರು ಅಪ್ಪ ಅಮ್ಮ. ಆದರೆ ಪಾಠ ಮಾಡುವ ಆಸೆ ಮಾತ್ರ ನನಗೆ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಕೂರಿಸಿ ಹಾಜರಿ ಕೂಗುತ್ತಿದ್ದ ಕಾಲದಿಂದ ಇತ್ತು. ಸಾಸಿವೆ ಡಬ್ಬಿ ಯಾವಾಗಲೂ ಗೈರುಹಾಜರು.

ಮೊದಲ ವರ್ಷದವರನ್ನು, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎನ್ನದೆ ಒಟ್ಟಿಗೆ ಕೂರಿಸಿಕೊಂಡು ಕಡ್ಡಾಯ ಕನ್ನಡ ಹೇಳಿಕೊಡುತ್ತಿದ್ದ ಮೇಷ್ಟ್ರು ಮಂಡಿ ಆಪರೇಷನ್ನಿಗೆಂದು ರಜೆ ಹಾಕಿದ್ದರು. ವಿಭಾಗದ ಮುಖ್ಯಸ್ಥೆ ಗೌರಾಂಬಿಕಾ ಮೇಡಂ ನನ್ನನ್ನು ಕರೆಸಿದರು.

“ದೊಡ್ಡ ಹಾಲು ಕಣಮ್ಮ ಶರ್ವಾಣಿ ಅದು. ನಿನ್ನ ನಾಲಿಗೆ ಅಲ್ಲಿ ನಡೆಯುತ್ತಾ?”

ನಡೆಯುವುದೇನು ಮೇಡಂ, ಓಡುತ್ತದೆ ಎಂದೆ. ಅವರು ನಗಲಿಲ್ಲ. ತಮಗಿರುವ ಯೋಚನೆಯೂ ಅದೇ ಎಂದರು. ಆಮೇಲೆ ನಿಯಮ ಹೇಳಿದರು, ಅದು ನನಗೂ ಗೊತ್ತಿದ್ದದ್ದೇ. ಸಂಶೋಧನೆಯವರಿಗೆ ಕಾಲೇಜು ಒಂದೇ ಸಲ ಕ್ಲಾಸು ಕೊಟ್ಟು ನೋಡುತ್ತದೆ. ಹಿಡಿದು ನಿಲ್ಲಿಸಿಕೊಂಡರೆ ಮುಂದಿನ ವರ್ಷವೂ ಅವರದೇ, ಹಾಗೇ ಮುಂದುವರಿದು ಮೇಷ್ಟ್ರೇ ಆಗಿಬಿಡಬಹುದು. ಕ್ಲಾಸು ಕೈಬಿಟ್ಟು ಹೋದರೆ ವಾಪಸು ಗ್ರಂಥಾಲಯ, ವಾಪಸು ಆ ಗೋಡೆ. ನನಗೆ ಆ ಗೋಡೆಯ ಮೇಲಿನ ಸುಣ್ಣದ ಬಿರುಕುಗಳೆಲ್ಲ ಬಾಯಿಪಾಠ ಆಗಿದ್ದವು. ಆ ದೊಡ್ಡ ಹಾಲು ಬೇಕೇ ಬೇಕಿತ್ತು.

ನಮ್ಮೂರಲ್ಲಿ ಮಾತು ನಡೆದುಕೊಂಡು ಹೋಗುತ್ತದೆ, ಅದೂ ಬಿಸಿಲಿಗೆ ಕೊಡೆ ಹಿಡಿದು ಹೊರಟ ಅಜ್ಜಿಯ ಹಾಗೆ, ನಿಂತು ನಿಂತು. ಬೀದಿ ಕೊನೆಯಲ್ಲಿ ಆಡುವ ಮಕ್ಕಳನ್ನು ಊಟಕ್ಕೆ ಕರೆಯುವ ತಾಯಂದಿರು ಅಕ್ಕಿ ತೊಳೆಯುವಾಗಲೇ ಬಾಗಿಲಿಗೆ ಬಂದು ಕೂಗಿ ಒಳಗೆ ಹೋಗುತ್ತಾರೆ. ಅನ್ನ ಬೇಯುವ ಹೊತ್ತಿಗೆ ಕೂಗು ಮಕ್ಕಳನ್ನು ಮುಟ್ಟುತ್ತದೆ, ಮಕ್ಕಳು ಮನೆ ಮುಟ್ಟುತ್ತಾರೆ. ಸೊಪ್ಪಿನವಳ ಕೂಗು ಮನೆಗೆ ಬಂದಾಗ ಸೊಪ್ಪಿನವಳು ಎರಡು ಬೀದಿ ಮುಂದೆ ಇರುತ್ತಾಳೆ, ಹಾಗಾಗಿ ಹೊಸ ಸೊಸೆಯರಿಗೆ ಅತ್ತೆಯರು ಮೊದಲು ಕಲಿಸುವುದು ಎಷ್ಟು ಬೀದಿ ಮುಂದಕ್ಕೆ ಓಡಬೇಕು ಎಂಬುದನ್ನು. ಮದುವೆ ಛತ್ರದಲ್ಲಿ ಹಿಂದೆ ಕೂತವರು ಮೌನದಲ್ಲೇ ಅಕ್ಷತೆ ಹಾಕಿ, ಗಟ್ಟಿಮೇಳವನ್ನು ಆಮೇಲೆ ಎಲೆ ಮುಂದೆ ಕೂತು ಕೇಳುತ್ತಾರೆ. ಸಿಟ್ಟಿನಲ್ಲಿ ಯಾರನ್ನೋ ದೂರದಿಂದ ಬೈದವರು ಮನಸ್ಸು ಬದಲಾದರೆ, ಬೈಗುಳಕ್ಕಿಂತ ಮೊದಲೇ ಹೋಗಿ ತಪ್ಪಾಯಿತು ಎಂದು ಹೇಳಿಬಿಡಬಹುದು. ಆಮೇಲೆ ಬೈಗುಳ ಬಂದಾಗ ಇಬ್ಬರೂ ಜಗಲಿಯ ಮೇಲೆ ಕೂತು ಕೇಳಿ ನಗುತ್ತಾರೆ. ತನ್ನ ಮಾತನ್ನು ತಾನು ಹಿಂದೆ ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಇನ್ನೊಬ್ಬರ ಮಾತನ್ನು ಹಿಂದೆ ಹಾಕಿ ಹೋಗಿ ಹೇಳುವುದು ಮಾತ್ರ ನಮ್ಮಲ್ಲಿ ಮರ್ಯಾದೆ ಅಲ್ಲ.

ಇದೆಲ್ಲದರ ಬಿಸಿ ನನಗೆ ತಟ್ಟಿರಲಿಲ್ಲ. ನಮ್ಮದು ಬೆಂಕಿಪೊಟ್ಟಣದಂಥ ಮನೆ, ಬಾಯಿಂದ ಕಿವಿಗೆ ಮೊಳ ದೂರ. ಅಷ್ಟು ದೂರಕ್ಕೆ ಎಷ್ಟು ವೇಗವಾಗಿ ಮಾತಾಡಿದರೂ ನಡೆಯುತ್ತದೆ. ನಾನು ಹುಟ್ಟಿದಾಗಿನಿಂದ ಹಾಗೇ ಮಾತಾಡಿದ್ದೇನೆ. “ನಿನ್ನ ಬಾಯಿಗೆ ಒಂದು ಅಲ್ಪವಿರಾಮ ಹಾಕೇ,” ಎಂದು ಅಮ್ಮ ಹೇಳುತ್ತಲೇ ಬಂದಿದ್ದಾರೆ. ಬರೆಯುವಾಗಲೂ ಹೀಗೇ ಓಡುತ್ತೇನೆ, ನೀವು ನೋಡುತ್ತಿದ್ದೀರಲ್ಲ. ಆದರೆ ಕಾಗದದ ಮೇಲೆ ಎರಡು ಪದದ ನಡುವೆ ಜಾಗ ತಾನಾಗೇ ಬಿಡುತ್ತದೆ. ಗಾಳಿಯಲ್ಲಿ ನಾವೇ ಬಿಡಬೇಕು.

ದೊಡ್ಡ ಹಾಲು ಹಿಂದೆ ಹತ್ತಿ ತುಂಬುವ ಗೋದಾಮಾಗಿತ್ತು. ಅಗಲಕ್ಕಿಂತ ಉದ್ದವೇ ಉದ್ದ, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ಒಂದೇ ಒಂದು ಓಣಿ. ಕರಿಹಲಗೆಯ ಮುಂದೆ ನಿಂತು ನೋಡಿದರೆ ಕೊನೆಯ ಬೆಂಚಿನವರ ಮುಖ ಸಾಸಿವೆ ಕಾಳು. ಇಲ್ಲಿ ಆಡಿದ ಮಾತು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲೆ ಅಡಿಕೆ ಮಡಿಚಿ ಬಾಯಿಗೆ ಹಾಕಿ ಜಗಿದು ಮುಗಿಸಬಹುದು. ಗಂಟೆಯನ್ನು ಕೂಡ ಜವಾನ ಹೊತ್ತುಕೊಂಡು ಬಂದು ಮೊದಲು ಹಿಂದಿನ ಬಾಗಿಲಲ್ಲಿ ಒಮ್ಮೆ, ಆಮೇಲೆ ಸುತ್ತಿ ಬಂದು ಮುಂದಿನ ಬಾಗಿಲಲ್ಲಿ ಒಮ್ಮೆ ಬಾರಿಸುತ್ತಾನೆ.

ಮೊದಲ ದಿನ ಅಮ್ಮನ ಹಸಿರು ಸೀರೆ ಉಟ್ಟು ಹೋಗಿ, ನಮಸ್ಕಾರ ಎಂದು ಶುರು ಮಾಡಿದವಳು ಗಂಟೆ ಹೊಡೆಯುವ ತನಕ ಉಸಿರು ಎಳೆದುಕೊಂಡ ನೆನಪಿಲ್ಲ. ಸಂಧಿ ಎಂದರೇನು, ಪದಗಳು ಹೇಗೆ ಒಂದನ್ನೊಂದು ಕಂಡರೆ ಅಪ್ಪಿಕೊಳ್ಳುತ್ತವೆ, ಅಪ್ಪಿಕೊಳ್ಳುವಾಗ ಯಾವ ಅಕ್ಷರ ಬಿದ್ದುಹೋಗುತ್ತದೆ, ಯಾವ ಅಕ್ಷರ ಕರೆಯದೆ ಬಂದು ಸೇರುತ್ತದೆ, ಊರು ಅಲ್ಲಿ ಎನ್ನುವುದು ಊರಲ್ಲಿ ಆಗುವುದು ಎಷ್ಟು ಚಂದ, ಎಲ್ಲ ಹೇಳಿದೆ. ಒಂದು ಒಗಟು ಹಾಕಿದೆ, ಒಂದು ತಮಾಷೆ ಮಾಡಿದೆ. ಮುಂದಿನ ಬೆಂಚಿನವರು ಕೂಡಲೇ ನಕ್ಕರು. ಆ ನಗು ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಹೋಗುವುದನ್ನು ಕಣ್ಣಾರೆ ಕಂಡೆ. ನಾನು ಆಗಮ ಸಂಧಿಗೆ ಬಂದಾಗ ನಗು ಹಾಲಿನ ಅರ್ಧದಲ್ಲಿತ್ತು, ಅಲ್ಲಿಂದ ಮುಂದೆ ಯಾಕೋ ತೆಳುವಾಗಿ ಇಲ್ಲವಾಯಿತು. ಗಂಟೆ ಆದ ಕೂಡಲೇ ಪುಸ್ತಕ ಎತ್ತಿಕೊಂಡು ಮುಂದಿನ ಬಾಗಿಲಿಂದ ಹೊರಟೆ. ಕಾಲು ನೆಲದ ಮೇಲಿರಲಿಲ್ಲ.

ಹೀಗೆ ಒಂದು ವಾರ ಹಾರಾಡಿದೆ. ನನ್ನ ನಂತರ ಅದೇ ಹಾಲಿನಲ್ಲಿ ಇತಿಹಾಸದ ಮುನೀರ್ ಸರ್ ಅವರ ಕ್ಲಾಸು. ನಿವೃತ್ತಿಗೆ ಹತ್ತಿರ ಬಂದವರು, ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಏನೂ ಇಲ್ಲ. ಒಂದು ತಾಸಿಗೆ ಮೂರೇ ವಾಕ್ಯ ಹೇಳುತ್ತಾರೆ ಎಂದು ಹೆಸರುವಾಸಿ. ಒಂದು ವಾಕ್ಯ ಹೇಳುವುದು, ಟೀ ಕುಡಿಯುವುದು, ಅದು ಕೊನೆಯ ಬೆಂಚು ಮುಟ್ಟಿ ಪೆನ್ನುಗಳು ನಿಲ್ಲುವುದನ್ನು ನೋಡಿ ಇನ್ನೊಂದು ವಾಕ್ಯ. ಅವರ ವಿದ್ಯಾರ್ಥಿಗಳು ಮದುವೆಯಾಗಿ ಮಕ್ಕಳಾದ ಮೇಲೂ ಆ ವಾಕ್ಯಗಳನ್ನು ಹೇಳುತ್ತಾರಂತೆ. ಒಂದು ದಿನ ಬಾಗಿಲಲ್ಲಿ ಎದುರಾದವರು ನನ್ನನ್ನು ತಡೆದರು.

“ನಿಮ್ಮ ಕ್ಲಾಸಿನ ಪ್ರಶ್ನೆಗಳೆಲ್ಲ ದಿನಾ ನನ್ನ ಕ್ಲಾಸಿಗೆ ಬರ್ತಾವೆ ಕಣಮ್ಮ. ನಿನ್ನೆ ಯಾರೋ ನನ್ನನ್ನ ಆಗಮ ಸಂಧಿ ಅಂದ್ರೇನು ಅಂತ ಕೇಳ್ದ. ಗೊತ್ತಿದ್ರೆ ನಾನೇ ಹೇಳಿಬಿಡ್ತಿದ್ದೆ.”

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಹಿಂದಿನವರು ಕೇಳುತ್ತಿದ್ದರು. ಅವರ ಪ್ರಶ್ನೆ ಓಣಿಯಲ್ಲಿ ನಡೆದು ಬಂದು ಕರಿಹಲಗೆ ಮುಟ್ಟುವಾಗ ನಾನು ಕ್ಯಾಂಟೀನಿನಲ್ಲಿರುತ್ತಿದ್ದೆ. ಪಾಠ ಮುಗಿದ ಮೇಲೆ ಮಾತು ಮುಟ್ಟುವ ತನಕ ನಿಲ್ಲುವುದು ಎಂಬ ಪದ್ಧತಿ ಇಲ್ಲಿಯ ಮೇಷ್ಟ್ರುಗಳಿಗೆ ಎಷ್ಟು ಸಹಜ ಎಂದರೆ, ಅದನ್ನು ನನಗೆ ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಇವತ್ತು ನೀವು ನಿಲ್ಲಿ, ನಾನು ಹೊರಗೆ ಟೀ ಮುಗಿಸ್ತೀನಿ ಎಂದು ಮುನೀರ್ ಸರ್ ಬಾಗಿಲ ಹೊರಗೇ ಉಳಿದರು.

ನಿಂತೆ. ಹಾಲು ಖಾಲಿಯಾಗಿತ್ತು, ಬೆಂಚುಗಳ ಮೇಲೆ ಬಿಸಿಲು ಬಿದ್ದಿತ್ತು. ಮೊದಲು ನಡುವಿನ ಬೆಂಚುಗಳ ಮಾತು ಬಂತು. ಇಬ್ಬರು ಹುಡುಗಿಯರು ನನ್ನ ಸೀರೆಯ ಅಂಚಿನ ಬಗ್ಗೆ ಏನೋ ಹೇಳಿಕೊಂಡರು, ಒಳ್ಳೆಯದೇ. ಆಮೇಲೆ ಇನ್ನೂ ಹಿಂದಿನಿಂದ, “ಇವರು ಪಾಠ ಮಾಡ್ತಾವ್ರಾ, ಬಸ್ಸು ಹಿಡೀತಾವ್ರಾ?” ಆಮೇಲೆ ಬೇರೆ ಬೇರೆ ಗಂಟಲಿನಲ್ಲಿ ಒಂದೇ ಮಾತು, ಮಿಸ್ ಕೇಳಲಿಲ್ಲ, ಮಿಸ್ ಕೇಳಲಿಲ್ಲ. ಕೊನೆಗೆ, ನಾನು ಹೊರಡಬೇಕು ಎನ್ನುವಾಗ, ತುಂಬಾ ದೂರದಿಂದ ಬಂದು ದಣಿದ ಹಾಗಿದ್ದ ಒಂದು ದಪ್ಪ ದನಿ.

“ಮಿಸ್, ಲೋಪ ಸಂಧೀಲಿ ಬಿದ್ದೋಗೋ ಅಕ್ಷರ ಎಲ್ಲಿಗೋಗುತ್ತೆ?”

ಎರಡು ವರ್ಷ ಒಗಟು ಹುಡುಕುತ್ತಾ ಕೂತವಳಿಗೆ ಯಾರೂ ಇಷ್ಟು ಒಳ್ಳೆಯ ಒಗಟು ಹಾಕಿರಲಿಲ್ಲ. ಅದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ.

ಆ ರಾತ್ರಿಯೆಲ್ಲ ನನಗೆ ಒಂದೇ ಯೋಚನೆ, ಹಿಂದಿನವರನ್ನು ಇನ್ನಷ್ಟು ಮಾತಾಡಿಸಬೇಕು. ಮಾರನೆಯ ದಿನ ಕ್ಲಾಸಿನ ಕೊನೆಯಲ್ಲಿ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡು ಒಂದು ಘೋಷಣೆ ಮಾಡಿದೆ. ನನ್ನ ಕೈಯಲ್ಲಿ ಒಂದಷ್ಟು ಆಂತರಿಕ ಅಂಕ ಇದ್ದವು, ಅವನ್ನು ಪ್ರಶ್ನೆ ಕೇಳಿದವರಿಗೆ ಕೊಡುವುದು ಎಂದುಕೊಂಡಿದ್ದೆ. ನಾನು ಹೇಳಿದ್ದು ಇಷ್ಟೇ: “ಹಿಂದಿನ ಬೆಂಚಿನವರು ಕೇಳಲಿ. ಇಲ್ಲಿ ಅಂಕ ಕೇಳಿದವರಿಗೆ.” ಹೇಳಿ, ಆ ದಿನವೂ ನಿಲ್ಲಬೇಕಿತ್ತು, ನಿಂತೆ. ಆದರೆ ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಬೆಂಚುಗಳು ಒಟ್ಟಿಗೆ ಸರಿದ ಸದ್ದು ಮಾತ್ರ ಬಂತು.

ಅದರ ಮರುದಿನ ಹಾಲಿನ ಹಿಂದಿನ ಅರ್ಧ ಖಾಲಿ. ನಾನು ಮುಂದಿನ ಅರ್ಧಕ್ಕೆ ಪಾಠ ಮಾಡಿದೆ. ಎದುರಿಗೆ ಅಷ್ಟುದ್ದ ಮರದ ಬೆಂಚುಗಳು ಖಾಲಿ ಬಿದ್ದಿದ್ದರೆ ಮಾತು ಎಲ್ಲಿಗೆ ಹೋಗಿ ಏನು ಮಾಡುತ್ತದೋ ಎಂದು ಯೋಚನೆಯಾಗಿ, ನಡುವೆ ಎರಡು ಸಲ ತೊದಲಿದೆ. ಮಧ್ಯಾಹ್ನ ಗೌರಾಂಬಿಕಾ ಮೇಡಂ ಕರೆಸಿದರು. ಹಿಂದಿನ ಬೆಂಚಿನವರು ಒಂದು ಗುಂಪಾಗಿ ಬಂದು ಹೋದರಂತೆ. ಮಿಸ್ ನಮ್ಮನ್ನು ಎಲ್ಲರೆದುರು ಹಳಿದರು, ನಮಗೆ ಅಂಕವಿಲ್ಲ ಎಂದರು ಎಂದು ಹೇಳಿದರಂತೆ. ನಾನು ಹಾಗೆ ಹೇಳಿಲ್ಲ ಎಂದು ಒಂದೇ ಉಸಿರಿಗೆ ಹತ್ತು ಸಲ ಹೇಳಿದೆ. ಅವರು ಕೈ ಎತ್ತಿದರು.

“ನೀನು ಏನು ಹೇಳಿದೆ ಅನ್ನೋದು ನನಗೆ ಬೇಡಮ್ಮ. ಅಲ್ಲಿಗೆ ಏನು ಹೋಯ್ತು ಅನ್ನೋದು ಬೇಕು. ಸೋಮವಾರ ನಾನೇ ಕೊನೇ ಬೆಂಚಲ್ಲಿ ಕೂತ್ಕೋತೀನಿ.”

ಕೊನೆಯ ಬೆಂಚಿನಲ್ಲಿ ಮುಖ್ಯಸ್ಥರು ಕೂತು ಎದ್ದ ಮೇಲೆ ನಮ್ಮ ಕಾಲೇಜಿನಲ್ಲಿ ಯಾವುದೂ ತೀರ್ಮಾನವಾಗದೆ ಉಳಿಯುವುದಿಲ್ಲ. ನಾನು ಮೆಟ್ಟಿಲನ್ನು ಒಂದೊಂದಾಗಿ ಇಳಿದೆ.

ಕ್ಯಾಂಟೀನಿನಲ್ಲಿ ಆ ದಪ್ಪ ದನಿ ಕೇಳಿಸಿತು, ಹತ್ತಿರದಿಂದ, ಎರಡು ಇಡ್ಲಿ ಒಂದು ವಡೆ ಎಂದು. ಹೋಗಿ ಎದುರಿಗೇ ಕೂತೆ. ಬಿ.ಕಾಂ. ಹುಡುಗ, ಹೆಸರು ಓಬಳೇಶ. ಎತ್ತರ ಇದ್ದ, ಎದ್ದು ನಿಲ್ಲಲು ಹೋಗಿ ಮೇಜನ್ನೂ ಜೊತೆಗೆ ಎತ್ತಿದ. ಮನೆಯವರದು ಶಾಮಿಯಾನ ಹಾಕುವ ಕೆಲಸ, ಹಾಗಾಗಿ ಯಾವ ಸಭೆಯಲ್ಲೂ ತಾನು ಕೂತಿದ್ದು ಎಲ್ಲರಿಗಿಂತ ಹಿಂದೆಯೇ, ಕಂಬದ ಹತ್ತಿರ ಎಂದ. ನಾನು ಅಳುವವಳ ಹಾಗೆ ಕಂಡೆನೋ ಏನೋ, ಅವನೇ ಶುರು ಮಾಡಿದ.

“ನೀವೇ ಅಂದ್ರಲ್ಲ ಮಿಸ್, ಹಿಂದಿನ ಬೆಂಚಿನವರು ಕೇಳಲಿಲ್ಲ, ಅಂಕ ಕೇಳಿದವರಿಗೆ ಅಂತ. ನಾವು ಬೇಕು ಅಂತ ಕೇಳ್ದೆ ಇರ್ತೀವಾ? ನಿಮ್ಮ ಮಾತು ನಮ್ಮತ್ರ ಬರೋವಷ್ಟರಲ್ಲಿ ಇಡ್ಲಿ ಹಿಟ್ಟಾಗಿರುತ್ತೆ.”

ನಾನು ಹೇಳಿದ್ದನ್ನು, ಈ ಸಲ ಮೊಳ ದೂರದಿಂದ, ಮತ್ತೆ ಹೇಳಿದೆ. ಕೇಳಲಿ. ಇಲ್ಲಿ. ಅಂಕ. ಅವನು ವಡೆ ಕೈಯಲ್ಲೇ ಹಿಡಿದು ಆ ಮಾತನ್ನು ಬಾಯೊಳಗೆ ಮೆಲ್ಲಗೆ ಒಂದು ಸಲ, ಬೇಗ ಒಂದು ಸಲ ಆಡಿಸಿದ. ಕೇಳಲಿ ಇಲ್ಲಿ, ಕೇಳಲಿಲ್ಲಿ. ಇಲ್ಲಿ ಅಂಕ, ಇಲ್ಲಂಕ. ಕೇಳಲಿಲ್ಲಂಕ. ನಾನೂ ಅವನ ಜೊತೆ ಆಡಿಸಿದೆ. ನನ್ನ ಎರಡು ವಾಕ್ಯಗಳು ಅಷ್ಟುದ್ದ ಓಣಿಯಲ್ಲಿ ನಡೆದು ದಣಿದು, ನಡುವೆ ಜಾಗವಿಲ್ಲದೆ ಒಂದನ್ನೊಂದು ಆತುಕೊಂಡು, ದಾರಿಯಲ್ಲಿ ಅಕ್ಷರ ಬೀಳಿಸಿಕೊಂಡು, ಕೊನೆಯ ಬೆಂಚಿಗೆ ಬೇರೆಯೇ ಮಾತಾಗಿ ಮುಟ್ಟಿದ್ದವು. ನಾನು ಪ್ರಶ್ನೆ ಕೇಳಲಿ ಎಂದಿದ್ದು ಪಾಠ ಕೇಳಲಿಲ್ಲ ಎಂದಾಗಿತ್ತು. ಸಂಧಿಯ ಪಾಠವನ್ನು ನಾನು ಕರಿಹಲಗೆಯ ಮೇಲೆ ಮಾಡುತ್ತಿದ್ದಾಗ, ನಿಜವಾದ ಸಂಧಿ ಹಾಲಿನ ನಡುವೆ ನಡೆಯುತ್ತಿತ್ತು.

ಇದನ್ನು ನಿನ್ನ ಸ್ನೇಹಿತರಿಗೆ ಹೇಳುತ್ತೀಯಾ ಎಂದು ಕೇಳಿದೆ. ಓಬಳೇಶ ತಲೆ ಆಡಿಸಿದ.

“ನಾನು ಹೇಳಿದ್ರೆ ಮಿಸ್ ಕಡೆ ವಕೀಲ ಅಂತಾರೆ. ಹಾಲಲ್ಲಿ ಅಂದಿದ್ದನ್ನ ಹಾಲಲ್ಲೇ ಬಿಡಿಸ್ಬೇಕು ಮಿಸ್. ಸೋಮವಾರ ಒಂದಿನ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಒಂದೇ ದಿನ.”

ಶನಿವಾರ, ಭಾನುವಾರ ಮನೆಯಲ್ಲಿ ಅಭ್ಯಾಸ ಮಾಡಿದೆ. ಒಂದು ಪದ, ಒಂದು ಗುಟುಕು ನೀರು, ಇನ್ನೊಂದು ಪದ. ಅಮ್ಮ ಹಬ್ಬದ ಹಾಗೆ ಸಂತೋಷಪಟ್ಟರು, ಸಂಜೆ ಹೊತ್ತಿಗೆ ಅವರಿಗೇ ತಡೆಯಲಾರದೆ ಏನು ಬೇಕೋ ಬೇಗ ಹೇಳಿ ಮುಗಿಸೇ ತಾಯಿ ಎಂದರು.

ಸೋಮವಾರ ಹಾಲು ತುಂಬಿತ್ತು. ಕೊನೆಯ ಬೆಂಚಿನ ತುದಿಯಲ್ಲಿ ಗೌರಾಂಬಿಕಾ ಮೇಡಂ, ಮಡಿಲಲ್ಲಿ ಕೊಡೆ, ಪಕ್ಕದಲ್ಲಿ ಅವರು ಕರೆದುಕೊಂಡು ಬಂದ ಮುನೀರ್ ಸರ್, ಆ ಪಕ್ಕ ಓಬಳೇಶ ಮತ್ತು ಅವನ ಗುಂಪು ಕೈ ಕಟ್ಟಿಕೊಂಡು. ನಾನು ಮುನೀರ್ ಸರ್ ಅವರ ಹಾಗೆ ಫ್ಲಾಸ್ಕಿನಲ್ಲಿ ಟೀ ತಂದಿದ್ದೆ. ಒಂದು ವಾಕ್ಯ ಹೇಳಿದೆ, ಒಂದು ಗುಟುಕು ಕುಡಿದೆ. ಪೆನ್ನುಗಳು ಸಾಲು ಸಾಲಾಗಿ ಓಡಿ ನಿಲ್ಲುವುದನ್ನು ನೋಡುತ್ತಿದ್ದರೆ ಮಾತು ಎಲ್ಲಿದೆ ಎಂದು ಕಾಣುತ್ತಿತ್ತು, ಗದ್ದೆಯ ಮೇಲೆ ಗಾಳಿ ಹೋಗುವುದು ಕಾಣುತ್ತದಲ್ಲ ಹಾಗೆ. ಕೊನೆಯ ಬೆಂಚಿನ ಪೆನ್ನು ನಿಂತಿತು. ಇನ್ನೊಂದು ವಾಕ್ಯ. ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಎಂದರೆ, ನನಗೆ ಖುಷಿ ಹೆಚ್ಚಾಗತೊಡಗಿತು. ಖುಷಿಯಾದರೆ ನನ್ನ ಕಥೆ ನಿಮಗೆ ಗೊತ್ತೇ ಇದೆ.

ಕರಿಹಲಗೆಯ ಮೇಲೆ ಆ ಎರಡು ವಾಕ್ಯ ಬರೆದು, ಇವು ಹೇಗೆ ಕೂಡಿಕೊಂಡವು ನೋಡಿ, ಮೊನ್ನೆ ನಾನು ಹೀಗೆ ಹೇಳಿದೆ ಎಂದು, ಹೇಳಿದ ಹಾಗೆಯೇ ಹೇಳಿ ತೋರಿಸಿಬಿಟ್ಟೆ. ಅದೇ ವೇಗದಲ್ಲಿ. ಮುಂದಿನ ಬೆಂಚಿನವರು ಬೋರ್ಡನ್ನೂ ನನ್ನನ್ನೂ ನೋಡಿ ನಕ್ಕರು, ನಾನು ಆ ನಗುವಿಗೆ ಉಬ್ಬಿ ಲೋಪ ಸಂಧಿಯ ಸೂತ್ರ, ಇನ್ನೂ ನಾಲ್ಕು ಉದಾಹರಣೆ, ಎಲ್ಲ ಒಟ್ಟಿಗೆ ಹರಿಸಿದೆ. ತಲೆ ಎತ್ತಿದಾಗ ನಡುವಿನ ಬೆಂಚುಗಳಲ್ಲಿ ಪೆನ್ನುಗಳು ತಡವರಿಸುತ್ತಿದ್ದವು. ಅಲ್ಲಿಂದ ಹಿಂದಕ್ಕೆ ಕೂತವರಿಗೆ ಬೋರ್ಡಿನ ಅಕ್ಷರ ಕಾಣುವುದಿಲ್ಲ. ಅವರಿಗೆ ನನ್ನ ದನಿ ಮಾತ್ರ ಮುಟ್ಟುತ್ತದೆ, ಹಿಂದಿನ ಬೆಂಚಿನವರು ಕೇಳಲಿಲ್ಲ ಎಂದು, ಇನ್ನೊಂದು ಸಲ, ಈಗ ಮುಖ್ಯಸ್ಥರ ಎದುರಿಗೇ. ನಾನು ಅದನ್ನು ಕಳಿಸಿಯಾಗಿತ್ತು. ಅದು ಓಣಿಯಲ್ಲಿ ಕೊಡೆ ಹಿಡಿದು ನಡೆದು ಹೋಗುತ್ತಿತ್ತು.

ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಓಣಿಯ ತುಂಬ ಚೀಲಗಳು, ಟಿಫಿನ್ ಡಬ್ಬಿಗಳು, ಉದ್ದ ಕಾಲಿನ ಹುಡುಗರು. ಒಬ್ಬನ ಚೀಲ ಎಡವಿದೆ, ಇನ್ನೊಬ್ಬಳ ಡಬ್ಬಿ ಒದ್ದೆ, ಕ್ಷಮಿಸಿ ಎನ್ನುತ್ತಾ ಓಡಿದೆ. ನಡುವಿನ ಬೆಂಚುಗಳ ಹತ್ತಿರ ನನ್ನ ಮಾತು ನನ್ನ ಕಿವಿಗೇ ಬಿತ್ತು. ಅದರ ಜೊತೆ ಜೊತೆಗೆ ಒಂದೆರಡು ಹೆಜ್ಜೆ ಹಾಕಿದೆ, ಆಮೇಲೆ ಅದನ್ನು ಹಿಂದೆ ಹಾಕಿದೆ. ಕೊನೆಯ ಬೆಂಚು ಮುಟ್ಟಿದಾಗ ನನಗೆ ಉಸಿರಿರಲಿಲ್ಲ. ಗೌರಾಂಬಿಕಾ ಮೇಡಂ ಕೊಡೆಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡರು.

ಈಗ ಒಂದು ಮಾತು ಬರುತ್ತದೆ, ನನ್ನದೇ, ಅದು ಎರಡು ವಾಕ್ಯ, ಎಲ್ಲಿ ಎರಡಾಗುತ್ತದೋ ಅಲ್ಲಿ ನಾನು ಬೆಂಚು ಕುಟ್ಟುತ್ತೇನೆ, ಕೇಳಿಸಿಕೊಳ್ಳಿ ಎಂದೆ. ಕೈ ಎತ್ತಿ ನಿಂತೆ. ಎಲ್ಲರೂ ಕರಿಹಲಗೆಯ ಕಡೆ ನೋಡುತ್ತಾ ಕಾದೆವು. ಅಲ್ಲಿ ಯಾರೂ ಇರಲಿಲ್ಲ.

ಬಂತು. ನನ್ನ ದನಿಯನ್ನು ಅಷ್ಟು ದೂರದಿಂದ ನಾನು ಯಾವತ್ತೂ ಕೇಳಿರಲಿಲ್ಲ. ಹಿಂದಿನಬೆಂಚಿನವರುಕೇಳಲಿಲ್ಲಂಕಕೇಳಿದವರಿಗೆ. ಎಲ್ಲಿಯೂ ಒಂದು ಸೀಳು ಇರಲಿಲ್ಲ, ಅಂಟಿನುಂಡೆಯ ಹಾಗೆ ಉರುಳಿ ಬಂತು. ಎತ್ತಿದ ನನ್ನ ಕೈ ಎಲ್ಲಿ ಬೀಳಬೇಕೆಂದು ತಿಳಿಯದೆ ಎತ್ತಿದ ಹಾಗೇ ಉಳಿಯಿತು. ಅಷ್ಟರಲ್ಲಿ ಟಕ್ ಎಂದು ಬೆಂಚು ಕುಟ್ಟಿದ ಸದ್ದಾಯಿತು. ಕುಟ್ಟಿದವನು ಓಬಳೇಶ, ಸರಿಯಾಗಿ ‘ಕೇಳಲಿ’ ಮುಗಿಯುವ ಕಡೆ.

“ಕೇಳಲಿ,” ಎಂದ, ಪಕ್ಕದವರ ಕಡೆ ತಿರುಗಿ. ಇನ್ನೊಂದು ಸಲ ಕುಟ್ಟಿದ. “ಇಲ್ಲಿ ಅಂಕ. ಕೇಳ್ರೋ ಅಂತ ಅಂದಿದ್ದು ಕಣ್ರೋ ಇವ್ರು. ಕೇಳಲಿಲ್ಲ ಅಂತಲ್ಲ.”

ಆ ಬೆಂಚಿನಲ್ಲಿ ಒಂದು ಗುಸುಗುಸು ಹುಟ್ಟಿ ನಗುವಾಯಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ, ಯಾಕೆಂದರೆ ನಾನು ಹರಿಸಿದ ಉಳಿದ ಮಾತೆಲ್ಲ ಹಿಂದೆಯೇ ಸಾಲುಗಟ್ಟಿ ಬರುತ್ತಿತ್ತು, ಸೂತ್ರ, ಉದಾಹರಣೆ, ಎಲ್ಲ ಮುದ್ದೆಮುದ್ದೆಯಾಗಿ. ಈಗ ಹಿಂದಿನ ಬೆಂಚುಗಳವರು ಒಬ್ಬೊಬ್ಬರೇ ಕುಟ್ಟತೊಡಗಿದರು. ಬಂದ ಮುದ್ದೆಯನ್ನು ಎಲ್ಲಿ ಒಡೆಯಬೇಕು ಎಂದು ಅವರವರಲ್ಲೇ ಜಗಳವಾಡಿದರು. ಇಲ್ಲಲ್ಲ ಅಲ್ಲಿ, ನಿನ್ನ ತಲೆ, ಅಲ್ಲಿ ಒಡೆದರೆ ಅರ್ಥವೇ ಇಲ್ಲ. ಒಬ್ಬಳು ಹುಡುಗಿ ಮಾತಿಗಿಂತ ಮೊದಲೇ ಕುಟ್ಟಿ ಬೈಸಿಕೊಂಡಳು. ನಾನೂ ಅವರ ನಡುವೆ ಬೆಂಚಿನ ತುದಿಯಲ್ಲಿ ಕೂತು ನನ್ನದೇ ಪಾಠ ಕೇಳಿದೆ, ನನ್ನದೇ ಪದಗಳನ್ನು ಬಿಡಿಸಿದೆ. ಎರಡು ಕಡೆ ನನಗೇ ಗೊತ್ತಾಗಲಿಲ್ಲ, ಅವರು ಹೇಳಿದರು. ಸಂಧಿ ಬಿಡಿಸಿ ಬರೆಯಿರಿ ಎಂದು ಎಷ್ಟು ಪ್ರಶ್ನೆಪತ್ರಿಕೆಗಳಲ್ಲಿ ಓದಿದ್ದೆನೋ, ಅದು ಇಷ್ಟು ಗದ್ದಲದ ಕೆಲಸ ಎಂದು ಅಂದುಕೊಂಡಿರಲಿಲ್ಲ. ಮುಂದಿನ ಬೆಂಚಿನವರು ತಿರುಗಿ ಕೂತು ನಮ್ಮನ್ನೇ ನೋಡುತ್ತಿದ್ದರು. ಅವರಿಗೆ ಇನ್ನೂ ಏನೂ ಕೇಳಿಸಿರಲಿಲ್ಲ.

ನನ್ನ ಮಾತುಗಳೆಲ್ಲ ಬಂದು ಮುಗಿದ ಮೇಲೆ ಓಬಳೇಶ ನಡುವಿನ ಬೆಂಚುಗಳ ಕಡೆ ನೋಡುತ್ತಿದ್ದ. ಮುಂದಿನವರಿಗೆ ‘ಇಲ್ಲಿ’ ಅಂತ ಪೂರ್ತಿ ಕೇಳಿಸಿದೆ ಅಲ್ವಾ ಮಿಸ್ ಎಂದ. ಹೌದು ಎಂದೆ. “ಹಂಗಾದ್ರೆ ಬಿದ್ದೋಗಿರೋ ಅಕ್ಷರಗಳೆಲ್ಲ ಅಲ್ಲೆಲ್ಲೋ ನಡುವೆ ಬಿದ್ದಿರ್ತವೆ. ಕಸ ಗುಡಿಸೋರು ಏನು ಮಾಡ್ತಾರೋ.” ನಾನು ಅವನಿಗೆ ಅಲ್ಲೇ ಅಂಕ ಕೊಟ್ಟೆ.

ಹಿಂದಿನ ಬಾಗಿಲಲ್ಲಿ ಗಂಟೆ ಹೊಡೆಯಿತು. ನಾನು ಓಣಿಯಲ್ಲಿ ನಡೆದು ಕರಿಹಲಗೆಗೆ ವಾಪಸು ಹೋದೆ, ಮಾತು ಮುಟ್ಟುವ ತನಕ ನಿಲ್ಲಬೇಕಲ್ಲ. ಹೋಗುವಾಗ ಅವರ ನಗು, ಕುಟ್ಟಿದ ಸದ್ದು ನನ್ನ ಜೊತೆಗೇ ಬರುತ್ತಿತ್ತು. ಹಾಲು ಖಾಲಿಯಾಗತೊಡಗಿತು. ಎಲ್ಲರೂ ಹೋದ ಮೇಲೆ ಕೊನೆಯ ಬೆಂಚಿನಿಂದ ಗೌರಾಂಬಿಕಾ ಮೇಡಂ ಎದ್ದರು. ಮುನೀರ್ ಸರ್ ಕಡೆ ತಿರುಗಿ ಏನೋ ಹೇಳಿದರು. ಅಷ್ಟು ದೂರಕ್ಕೆ ತುಟಿ ಆಡಿದ್ದು ಮಾತ್ರ ಕಂಡಿತು, ಬಹಳ ಹೊತ್ತು ಆಡಲಿಲ್ಲ. ಕೊಡೆ ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೋದರು. ನನ್ನ ಇಡೀ ಮುಂದಿನ ವರ್ಷ ಆ ಓಣಿಯಲ್ಲಿ ನಡೆದು ಬರುತ್ತಿತ್ತು.

ಮುನೀರ್ ಸರ್ ಹೊರಗಿನಿಂದ ಸುತ್ತಿ ಬಂದು ಮುಂದಿನ ಬಾಗಿಲಲ್ಲಿ ಕಾಣಿಸಿಕೊಂಡರು, ಕೈಯಲ್ಲಿ ಟೀ. ಅವರಿಗೆ ಗೊತ್ತಿತ್ತು. ನಾನು ಅವರ ಮುಖ ನೋಡಿದೆ, ಅವರು ಲೋಟದೊಳಗೆ ನೋಡಿದರು. ಇನ್ನೊಬ್ಬರ ಮಾತನ್ನು ಹಿಂದೆ ಹಾಕಿ ಹೇಳುವವರಲ್ಲ ಅವರು.

“ಬಂತಾ?” ಎಂದರು.

ಇನ್ನೂ ಇಲ್ಲ ಸರ್ ಎಂದೆ. ಅವರ ಕ್ಲಾಸಿನ ಹುಡುಗರು ಹಿಂದಿನ ಬಾಗಿಲಿಂದ ಬಂದು ಕೂರುತ್ತಿದ್ದರು. ಮೊದಲು ಓಬಳೇಶನ ಗುಂಪಿನ ಜಗಳ ಬಂದು ಹೋಯಿತು, ಆಮೇಲೆ ಗಂಟೆಯ ಸದ್ದು ಬಂದು ಹೋಯಿತು. ಆಮೇಲೆ ಮೇಡಂ ಅವರ ದನಿ. ಮೂವತ್ತು ವರ್ಷ ಆ ಹಾಲಿನಲ್ಲಿ ಮಾತಾಡಿದವರು, ಪದ ಪದದ ನಡುವೆ ಒಬ್ಬರು ನಡೆದು ಹೋಗುವಷ್ಟು ಜಾಗ ಬಿಟ್ಟಿದ್ದರು.

ಈ ಹುಡುಗಿ ಎಂದಿತು. ಪಾಠ ಎಂದಿತು. ಮಾಡಲಿ ಎಂದಿತು.

ಬೇರೆ ಊರಿನಲ್ಲಾದರೆ ಅಷ್ಟಕ್ಕೇ ಕುಣಿಯಬಹುದಿತ್ತು. ನಾನು ಆ ಹಾಲಿನವಳು, ಮಾಡಲಿ ಎಂಬುದು ಮುಂದಿನ ಪದ ಬರುವ ತನಕ ಏನೂ ಅಲ್ಲ ಎಂದು ಕಲಿತಾಗಿತ್ತು. ಉಸಿರು ಹಿಡಿದೆ. ಮುನೀರ್ ಸರ್ ಕೂಡ ಲೋಟವನ್ನು ತುಟಿಯ ಹತ್ತಿರವೇ ನಿಲ್ಲಿಸಿದರು. ಇಲ್ ಎಂದು ಬಂತು. ನನ್ನ ಕಣ್ಣ ಮುಂದೆ ಗ್ರಂಥಾಲಯದ ಗೋಡೆ, ಅದರ ಒಂದೊಂದು ಬಿರುಕು.

ಆಮೇಲೆ ಉಳಿದರ್ಧ ಬಂತು. ಲೇ.

ಈ ಹುಡುಗಿ ಪಾಠ ಮಾಡಲಿ. ಇಲ್ಲೇ.

ಮುನೀರ್ ಸರ್ ಟೀ ಕುಡಿದರು. ನಾನು ಪುಸ್ತಕ ಎತ್ತಿಕೊಂಡು, ಮೇಡಂ ಅಲ್ಲಿಲ್ಲ ಎಂದು ಗೊತ್ತಿದ್ದೂ, ಹಿಂದಿನ ಬೆಂಚಿನ ಕಡೆಗೆ ತಿರುಗಿ ಹೇಳಿದೆ. ತುಂಬಾ. ಸಂತೋಷ. ಮೇಡಂ. ಒಂದೊಂದರ ನಡುವೆ ಅವರಷ್ಟೇ ಜಾಗ ಬಿಟ್ಟು. ಬಿಟ್ಟು, ಮೆಟ್ಟಿಲುಗಳ ಕಡೆ ಓಡಿದೆ.

ಆ ದಿನ ಇತಿಹಾಸದ ಕ್ಲಾಸಿನಲ್ಲಿ ಕೊನೆಯ ಬೆಂಚಿನವರಿಗೆ ನಾಲ್ಕು ವಾಕ್ಯ ಮುಟ್ಟಿತಂತೆ. ಎಲ್ಲರೂ ಬರೆದುಕೊಂಡರಂತೆ, ಪದ ಪದ ಬಿಡಿಸಿ.